ಅಜ್ಜಿಯ ಹೆಸರು ಹುಡುಕುತ್ತ ಆದವಾನಿಗೆ

ಹೊರಡುವ ಮುಂಚೆ

ನಮ್ಮ ಬೀದಿಯಲ್ಲಿ ಪರದೇಶಕ್ಕೆ ಹೋಗಿ ಬಂದವರು ಇಬ್ಬರಿದ್ದಾರೆ. ಒಬ್ಬರು ಸಿಂಗಪುರದಿಂದ ಮಡಿಸುವ ಛತ್ರಿ ತಂದರು, ಇನ್ನೊಬ್ಬರು ಲಂಡನ್ನಿನಿಂದ ವಾಸಿಯಾಗದ ನೆಗಡಿ ತಂದರು. ನಾನು ನಮ್ಮ ಸೀಮೆ ದಾಟಿ ಹೋಗಿದ್ದು ಒಂದೇ ಸಲ, ಆಂಧ್ರದ ಆದವಾನಿಗೆ. ಮೈಸೂರಿನ ನಮ್ಮ ಮನೆಯ ಹೊಸಿಲಿಗೆ ಅದೂ ಪರದೇಶವೇ. ಅಲ್ಲಿಂದ ನಾವು ತಂದದ್ದು ನಾಲ್ಕು ಅಕ್ಷರದ ಒಂದು ಹೆಸರು.

ಅದು ಹೀಗಾಯಿತು. ನಮ್ಮವರು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಿವೃತ್ತಿಗೆ ಮೊದಲು ಗಯೆಗೆ ಹೋಗಿ ಹಿರಿಯರಿಗೆ ಪಿಂಡ ಹಾಕಿ ಬರೋಣವೆಂದು ಟಿಕೆಟ್ಟು ಮಾಡಿಸಿದರು. ಪುರೋಹಿತರು ಒಂದು ಹಾಳೆ ಕೊಟ್ಟು, ಮೂರು ತಲೆಮಾರಿನ ಗಂಡಸರು ಹೆಂಗಸರ ಹೆಸರು ಬರೆದುಕೊಂಡು ಹೋಗಿ, ಅಲ್ಲಿ ಗಡಿಬಿಡಿಯಾಗುತ್ತೆ ಎಂದರು. ತಂದೆ, ತಾತ, ಮುತ್ತಾತ ಸರಾಗವಾಗಿ ಬಂದರು. ತಾಯಿ ಬಂದರು. ಮುತ್ತಜ್ಜಿಯ ಹೆಸರು ಕೂಡ ಯಾವುದೋ ಹಳೆಯ ಚೀಟಿಯಲ್ಲಿ ಸಿಕ್ಕಿತು. ನಡುವೆ, ತಂದೆಯ ತಾಯಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

ವಿಚಿತ್ರವೆಂದರೆ ನಮ್ಮವರನ್ನು ಸಾಕಿದವರೇ ಆ ಅಜ್ಜಿ. ತಂದೆ ತಾಯಿ ಬೇಗ ತೀರಿಕೊಂಡಿದ್ದರಿಂದ ಒಂಬತ್ತು ವರ್ಷದವರೆಗೆ ಇವರು ಆದವಾನಿಯಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದರು. ಅಜ್ಜಿಯೂ ಹೋದ ಮೇಲೆ ಸೋದರಮಾವ ಬಂದು ಮೈಸೂರಿಗೆ ಕರೆದುಕೊಂಡು ಬಂದರು. ಅಜ್ಜಿ ಯಾವ ಬೆರಳಿನಿಂದ ತುಪ್ಪ ತೆಗೆಯುತ್ತಿದ್ದರು, ಯಾವ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು, ಎಲ್ಲ ನೆನಪಿದೆ. ಹೆಸರು ಮಾತ್ರ ಇವರ ಕಿವಿಗೆ ಬಿದ್ದೇ ಇಲ್ಲ. ಬೀಳುವುದಾದರೂ ಹೇಗೆ? ನಮ್ಮಲ್ಲಿ ಹಿರಿಯರ ಹೆಸರು ಹಿಡಿದು ಕರೆಯುವಂತಿಲ್ಲ.

"ಹಾಗಾದರೆ ಇಷ್ಟು ವರ್ಷ ಅಮ್ಮನ ತಿಥಿಯಲ್ಲಿ ಅಜ್ಜಿಯ ಹೆಸರು ಬಂದಾಗ ನೀವು ಏನು ಹೇಳಿಸ್ತಿದ್ರಿ?" ಎಂದು ನಮ್ಮವರು ಪುರೋಹಿತರನ್ನು ಕೇಳಿದರು.

ಪುರೋಹಿತರು ದರ್ಭೆ ಎಣಿಸುತ್ತ, "ಗೊತ್ತಿಲ್ಲದ ಕಡೆ ಲಕ್ಷ್ಮೀ ಅಂತ ಸೇರಿಸಿಬಿಡ್ತೀವಿ, ದೋಷ ಇಲ್ಲ" ಎಂದರು.

ಅಂದು ನಮ್ಮವರು ಊಟ ಮಾಡಲಿಲ್ಲ. ಅಂಚೆಯವರಿಗೆ ಅದು ಎಂಥ ಏಟೆಂದು ಬೇರೆಯವರಿಗೆ ತಿಳಿಯುವುದಿಲ್ಲ. ವಿಳಾಸ ತಪ್ಪಿದ ಕಾಗದ ಏನಾಗುತ್ತದೆ ಎಂದು ಕಣ್ಣಾರೆ ನೋಡಿದವರು ಅವರು. "ಮೂವತ್ತು ವರ್ಷ ನನ್ನ ಅಜ್ಜಿಯ ಅನ್ನ ಯಾರೋ ಲಕ್ಷ್ಮಮ್ಮನ ಮನೆಗೆ ಬಟವಾಡೆ ಆಗಿದೆ ಕಣೇ" ಎಂದು ತಲೆಯ ಮೇಲೆ ಕೈಹೊತ್ತು ಕೂತರು. ಗಯೆಯ ಗಾಡಿಗೆ ಇನ್ನು ಹದಿನೈದು ದಿನ. ಹೆಸರಿಲ್ಲದೆ ಹೋಗುವುದಿಲ್ಲ ಎಂದರು. ಹೀಗೆ ನಮ್ಮ ಪರದೇಶ ಪ್ರವಾಸ ನಿಶ್ಚಯವಾಯಿತು.

ಇಲ್ಲಿ ನನ್ನದೊಂದು ತೊಡಕು ಹೇಳಿಬಿಡಬೇಕು. ಇವರಿಗೆ ಇಟ್ಟಿರುವುದು ಇವರ ಅಜ್ಜನ ಹೆಸರನ್ನೇ. ನಾನು ಗಂಡನ ಹೆಸರು ಹೇಳುವವಳಲ್ಲ. ಹಾಗಾಗಿ ಅಜ್ಜನ ಹೆಸರೂ ನನ್ನ ಬಾಯಿಗೆ ಬರುವಂತಿಲ್ಲ. ಆ ಅಜ್ಜಿಗೂ ಇದೇ ಕಷ್ಟವಿತ್ತಂತೆ. ಮೊಮ್ಮಗನನ್ನು ಕೂಗಿದರೆ ಗಂಡನನ್ನು ಕೂಗಿದ ಹಾಗೆ. ಪಾಪ, ಏನೆಂದು ಕರೆಯುತ್ತಿದ್ದರೋ.

ಗುಂತಕಲ್ಲು

ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ನನಗೆ ಕಂಡ ಮೊದಲ ಪರದೇಶವೆಂದರೆ ಬೆಳಗಿನ ಏಳು ಗಂಟೆಗೆ ಮೆಣಸಿನಕಾಯಿ ಬಜ್ಜಿ ತಿನ್ನುವ ಜನ. ನಮ್ಮಲ್ಲಿ ಮಂಡಕ್ಕಿ ಸಾಯಂಕಾಲದ ವಸ್ತು, ಗರಿಗರಿಯಾಗಿರಬೇಕು. ಇಲ್ಲಿ ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ಉಗ್ಗಾನಿ ಎಂದು ತಿಂಡಿಗೆ ಕೊಡುತ್ತಾರೆ. ಪಕ್ಕದಲ್ಲಿ ಗೇಣುದ್ದದ ಬಜ್ಜಿ. ಹೊರಗಿನದನ್ನು ಮುಟ್ಟದ ನಮ್ಮವರು, ಅಜ್ಜಿಯ ಊರಿನ ವಾಸನೆ ಎಂದು ಕಣ್ಣು ಮುಚ್ಚಿಕೊಂಡು ನಾಲ್ಕು ಬಜ್ಜಿ ತಿಂದರು. ಐದನೆಯದಕ್ಕೆ ಕೈ ಚಾಚಿದಾಗ ಕಣ್ಣಲ್ಲಿ ನೀರು ಧಾರೆಯಾಗಿತ್ತು. ಅದು ಅಜ್ಜಿಯ ನೆನಪಿಗೋ ಖಾರಕ್ಕೋ ನಾನು ಕೇಳಲಿಲ್ಲ. ಬಾಟಲಿ ನೀರು ಮುಗಿಸಿ ಮೇಲೊಂದು ಗೋಲಿ ಸೋಡಾ ಕುಡಿದರು. ಆಗಲೇ ದನಿ ಸ್ವಲ್ಪ ಗೊಗ್ಗರಾಗಿತ್ತು.

ಆದವಾನಿಯಲ್ಲಿ ಇಳಿಯುವಾಗ ನಾನು ಊಟದ ಡಬ್ಬಿ ಇಳಿಸಿದೆ, ನೀರಿನ ಚೊಂಬು ಇಳಿಸಿದೆ, ಕೈಚೀಲ ಇಳಿಸಿದೆ. ಹಾಸಿಗೆ ಬಟ್ಟೆ ಸುತ್ತಿದ ಹೋಲ್ಡಾಲ್ ಇಳಿಸುವ ಕೆಲಸ ಅವರದು. ಗಾಡಿ ರಾಯಚೂರಿನ ಕಡೆ ಹೊರಟು ಕೊನೆಯ ಡಬ್ಬಿಯೂ ಮರೆಯಾದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಾಸಿಗೆ ಹೋದರೆ ಹೋಯಿತು, ನಾವು ಹೋಗಬೇಕಾಗಿದ್ದ ಮನೆಯ ವಿಳಾಸವೂ ಅದರ ಜೇಬಿನಲ್ಲಿತ್ತು. ಅಂಚೆಯವರು ವಿಳಾಸ ಕಳೆದುಕೊಂಡಿದ್ದನ್ನು ಯಾರಿಗೂ ಹೇಳಬೇಡ ಎಂದರು. ಹೇಳಿಲ್ಲ, ಬರೆದಿದ್ದೇನೆ ಅಷ್ಟೆ.

ಆದವಾನಿ, ಮೊದಲ ದಿನ

ಆದವಾನಿಯಲ್ಲಿ ಗಾಳಿಗೂ ಹತ್ತಿ. ಗಾಡಿಯ ಮೇಲೆ ಹತ್ತಿ, ವಿದ್ಯುತ್ ತಂತಿಯ ಮೇಲೆ ಹತ್ತಿ, ಎಮ್ಮೆಯ ಕೊಂಬಿನ ಮೇಲೆ ಹತ್ತಿ. ನನ್ನ ಕಪ್ಪು ಅಂಚಿನ ಸೀರೆ ಅರ್ಧ ಗಂಟೆಯಲ್ಲಿ ನರೆಯಿತು.

ಮೈಸೂರಿನಲ್ಲಿ ನಮ್ಮ ಮನೆತನಕ್ಕೆ "ಆದವಾನಿಯವರು" ಎಂದೇ ಹೆಸರು. ಆ ಧೈರ್ಯದಿಂದ ನಮ್ಮವರು ಜಟಕಾ ಸಾಹೇಬರಿಗೆ, ಆದವಾನಿಯವರ ಮನೆಗೆ ನಡಿಯಪ್ಪ ಎಂದರು. ಆತ ಕುದುರೆಯ ಬೆನ್ನು ತಟ್ಟುತ್ತ ನಿಂತ.

"ಈ ಊರಾಗ ಎಲ್ಲಾರೂ ಆದವಾನ್ಯವ್ರೇ ಅದಾರ್ರೀ. ನಾನೂ ಆದವಾನ್ಯಾವ, ನನ್ನ ಘೋಡಾನೂ ಆದವಾನೀದು. ಯಾವ ಆದವಾನ್ಯವ್ರು ಅಂತ ಹೇಳ್ರಿ."

ಒಂಬತ್ತು ವರ್ಷಕ್ಕೆ ಬಿಟ್ಟ ಊರು, ಓಣಿಯ ಗುರುತೂ ಇವರಿಗೆ ಉಳಿದಿರಲಿಲ್ಲ. ಇವರ ದಾಯಾದಿ ತಮ್ಮ ವೆಂಕೋಬರಾವ್ ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತ ಎನ್ನುವುದಷ್ಟು ಗೊತ್ತು. ಸಾಹೇಬರು ನಮ್ಮನ್ನು ಒಂದಾದ ಮೇಲೊಂದು ಪ್ರೆಸ್ಸಿನ ಬಾಗಿಲಿಗೆ ಕರೆದೊಯ್ದರು. ಮೂರನೆಯದರಲ್ಲಿ ವೆಂಕೋಬರಾವ್ ತಲೆಯ ಮೇಲೆಲ್ಲ ಹತ್ತಿ ಹೊತ್ತುಕೊಂಡು ಓಡಿ ಬಂದರು. ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಣ್ಣಾ, ಇಲ್ಲಿ ನಮಗ ಆದವಾನ್ಯವ್ರು ಅಂತ ಯಾರು ಅಂತಾರ? ಇಲ್ಲಿ ನಾವು ಆಸ್ಪರ್ಯವ್ರು. ಆಸ್ಪರಿ ವೆಂಕೋಬ ಅಂದಿದ್ರ ಟೇಸನ್ನಿನ ನಾಯಿನೂ ದಾರಿ ತೋರಸ್ತಿತ್ತು."

ಅಜ್ಜ ಆಸ್ಪರಿಯಿಂದ ಬಂದು ಇಲ್ಲಿ ನೆಲೆಸಿದವರಂತೆ. ಬಿಟ್ಟು ಬಂದ ಊರೇ ಮನೆತನದ ಹೆಸರಾಗುವುದು ಈ ಕಡೆಯ ಪದ್ಧತಿ.

ವೆಂಕೋಬರಾಯರ ಮನೆ ಇದ್ದದ್ದು ಅಜ್ಜಿಯ ಹಳೆಯ ಮನೆಯ ಜಾಗದಲ್ಲೇ. ಮಣ್ಣಿನ ಮಾಳಿಗೆ ಹೋಗಿ ಈಗ ಕಡಪಾ ಕಲ್ಲಿನ ನೆಲ ಬಂದಿದೆ. ಎದುರಿಗೆ ಹತ್ತಿ ಸಾವ್ಕಾರರ ದೊಡ್ಡ ಮನೆ, ಹಣೆಗೆ ವಿಭೂತಿ ಹಚ್ಚುವ ಶೈವರದು. ಅದರ ಕಟ್ಟೆಯ ಮೇಲೆ ಹಲ್ಲಿಲ್ಲದ ಒಬ್ಬ ಮುದುಕಿ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು. ಕುಟ್ಟುವುದನ್ನು ನಿಲ್ಲಿಸಿ, "ಯಾರ ಮನೀಗೆ ಬಂದೀರವ್ವಾ?" ಎಂದು ಕೇಳಿದರು. ನಮ್ಮವರು, ಮೈಸೂರಿನವರು ಎಂದಷ್ಟೇ ಹೇಳಿ, ಸ್ನಾನಕ್ಕೆ ಹೊತ್ತಾಯಿತೆಂದು ಒಳಗೆ ನಡೆದರು. ಹಿಂದೆ ಕುಟ್ಟಾಣಿ ಮತ್ತೆ ಶುರುವಾಯಿತು.

ಸ್ನಾನವಾದ ಮೇಲೆ ಉಡಲು ಇವರ ಪಂಚೆಯೆಲ್ಲ ರಾಯಚೂರಿನಲ್ಲಿ. ವೆಂಕೋಬರಾಯರ ಪಂಚೆ ಉಟ್ಟರು. ಅವರು ಕುಳ್ಳು, ಇವರು ಎತ್ತರ. ನಾಲ್ಕು ದಿನ ನಮ್ಮವರ ಮೊಣಕಾಲು ಆದವಾನಿಗೆಲ್ಲ ಪರಿಚಯವಾಯಿತು.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೆಸರಿಗೆ ಮಾತ್ರ ಸಾರು ಎನ್ನಬಹುದಾದ ಒಂದು ಬೆಂಕಿ. ಬಡಿಸುತ್ತ ವೆಂಕೋಬರಾಯರ ಹೆಂಡತಿ ಇಂದಿರಾಬಾಯಿ ಅಜ್ಜಿಯ ಬಗ್ಗೆ ಕೇಳಿದ್ದನ್ನೆಲ್ಲ ಹೇಳಿದರು. ಮನೆಯಲ್ಲಿ ದೊಡ್ಡವ್ವ ಎನ್ನುತ್ತಿದ್ದರಂತೆ. ಮಡಿ ಹೆಚ್ಚೆಂದು ಸೊಸೆಯರ ಬಾಯಲ್ಲಿ ಮಡಿಯವ್ವ. ನಾದಿನಿಯರಿಗೆ ವೈನಿ, ಅವರ ಮಕ್ಕಳಿಗೆ ಅತ್ತಿ.

"ಇವೆಲ್ಲ ಹುದ್ದೆಗಳು, ಹೆಸರಲ್ಲ" ಎಂದರು ನಮ್ಮವರು. ಅಷ್ಟರಲ್ಲಿ ಅವರ ದನಿ ಬಾವಿಯೊಳಗಿಂದ ಬರುತ್ತಿತ್ತು.

"ಹೆಸರು ನಾವ್ಯಾಕ ಹಿಡೀತೀವ್ರೀ ವೈನಿ, ಹಿರೇರದು" ಎಂದು ಇಂದಿರಾಬಾಯಿ ನನ್ನ ಕಡೆ ತಿರುಗಿ ಹೇಳಿದರು. ಅವರು ಹೇಳಿದ್ದು ಸರಿಯೇ. ಕೊನೆಗೆ ವೆಂಕೋಬರಾಯರು, ಆಸ್ಪರಿಯಲ್ಲಿ ನಮ್ಮ ಮನೆತನದ ಪುರೋಹಿತರು ಸುಬ್ಬಾಚಾರ್ರು ಇದ್ದಾರೆ, ಅವರ ಹತ್ತಿರ ಬರೆದಿಟ್ಟಿದ್ದು ಸಿಗಬಹುದು ಎಂದರು. ವಿಷಯ ತಿಥಿಯದು, ಅಂದಮೇಲೆ ನಮ್ಮ ಜನರನ್ನು ಬಿಟ್ಟು ಬೇರೆ ಯಾರನ್ನು ಕೇಳುವುದು ಎಂದು ನಮಗೂ ಅನಿಸಿತು.

ಆಸ್ಪರಿ

ಬೆಳಿಗ್ಗೆ ಏಳುವಷ್ಟರಲ್ಲಿ ನಮ್ಮವರ ದನಿ ಪೂರ್ತಿ ನಿಂತಿತ್ತು. ಗುಂತಕಲ್ಲಿನ ಬಜ್ಜಿ, ಸೋಡಾ, ಮೇಲೆ ಆದವಾನಿಯ ಹತ್ತಿ. ಬಾಯಿ ತೆರೆದರೆ ಗಾಳಿ ಮಾತ್ರ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಮಾತಾಡುವಾಗ ಅವರು ಸುಮ್ಮನೆ ಕೇಳಿದ್ದು ಆ ದಿನ ಒಂದೇ. ನಾನು ಅದನ್ನು ಸರಿಯಾಗಿ ಬಳಸಿಕೊಳ್ಳಬಹುದಿತ್ತು. ಆದರೆ ಬಸ್ಸಿನಲ್ಲಿ ನನಗೆ ಬೇರೆ ಚಿಂತೆ ಹತ್ತಿತು: ಆಸ್ಪರಿಯಲ್ಲಿ ಅಜ್ಜನ ಹೆಸರು ಹೇಳಿ ವಿಚಾರಿಸುವವರು ಯಾರು?

ಅದಕ್ಕೆ ಅವರು ಒಂದು ಚೀಟಿಯಲ್ಲಿ ಹೆಸರು ಬರೆದು ಜೇಬಿನಲ್ಲಿಟ್ಟುಕೊಂಡರು. ಅಂಚೆಯವರ ಅಕ್ಷರ, ದೂರದಿಂದಲೇ ಓದಬಹುದು. ದಾರಿಯುದ್ದಕ್ಕೂ ಹತ್ತಿ ಬಿಡಿಸಿ ಮುಗಿದ ಕಪ್ಪು ಹೊಲಗಳು, ಒಣಗಿದ ಕಡ್ಡಿಗಳು.

ಸುಬ್ಬಾಚಾರ್ರು ಚೀಟಿ ತೆಗೆದುಕೊಂಡರು, ಹತ್ತಿರ ಹಿಡಿದರು, ದೂರ ಹಿಡಿದರು, ವಾಪಸ್ಸು ಕೊಟ್ಟರು. "ನಮಗ ಕನ್ನಡ ಮಾತು ಬರತೈತ್ರಿ, ಅಕ್ಷರ ಬರಂಗಿಲ್ಲ. ಸಾಲಿ ಎಲ್ಲಾ ತೆಲುಗು. ಅದೂ ಈ ಗುಂಡಗುಂಡಗ ಕೂಡಸಿ ಬರದದ್ದು ಬ್ಯಾಡ್ರಿ. ಬಾಯಿಲೆ ಹೇಳ್ರಲ್ಲ."

ನಮ್ಮವರು ಬಾಯಿ ತೆರೆದರು. ಗಾಳಿ ಬಂತು. ಇಬ್ಬರೂ ನನ್ನ ಕಡೆ ನೋಡಿದರು.

ಗೋಡೆಯ ಮೇಲೆ ಸಂಜೀವಿನಿ ಬೆಟ್ಟ ಹೊತ್ತು ಹಾರುವ ದೇವರ ಕ್ಯಾಲೆಂಡರ್ ಇತ್ತು. ಅದಕ್ಕೆ ಕೈ ತೋರಿಸಿ, ಇವರ ಅಜ್ಜನಿಗೆ ಈ ದೇವರ ಹೆಸರು ಎಂದೆ.

"ಆಂಜನೇಯ ಏನ್ರಿ?"

ಅಲ್ಲ ಎಂದೆ.

"ಮಾರುತಿರಾವ್ ಇರಬೇಕು."

ಅದೂ ಅಲ್ಲ. ಆಚಾರ್ಯರು ಒಳ್ಳೆಯ ಪಂಡಿತರು. ಪವನಸುತ, ವಾಯುನಂದನ, ಕೇಸರಿತನಯ ಎಂದು ಒಂದೊಂದಾಗಿ ಹೇಳುತ್ತ, ಪ್ರತಿಯೊಂದಕ್ಕೂ ಒಂದು ಶ್ಲೋಕ ಹೇಳಿ ನನ್ನ ಮುಖ ನೋಡುವರು. ನಾನು ತಲೆ ಅಲ್ಲಾಡಿಸುವೆ. ಪಕ್ಕದಲ್ಲಿ ನಮ್ಮವರು, ಎಲ್ಲರಿಗೂ ಗೊತ್ತಿರುವ ಆ ಹೆಸರು ಬಿಟ್ಟು ಇನ್ನೆಲ್ಲ ಬಂತಲ್ಲ ಎಂದು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಕಡೆಗೆ ಅಡಿಗೆಮನೆಯಿಂದ ಆಚಾರ್ಯರ ಹೆಂಡತಿ ಸಟ್ಟುಗ ಹಿಡಿದುಕೊಂಡೇ ಬಂದರು. ನನ್ನನ್ನೂ ನಮ್ಮವರನ್ನೂ ಒಮ್ಮೆ ನೋಡಿ, "ಅದು ಆಕಿ ಗಂಡನ ಹೆಸರೂ ಐತಿ, ಅದಕ್ಕ ಹೇಳವಲ್ಲಳು" ಎಂದು ಸರಿಯಾದ ಹೆಸರು ಹೇಳಿ ಒಳಗೆ ಹೋದರು. ಹೆಂಗಸರಿಗೆ ಹೆಂಗಸರ ಕಷ್ಟ ಅರ್ಥವಾಗುತ್ತದೆ.

"ಓಹೋ, ಮದ್ದಿಕೇರ್ಯವ್ರು" ಎಂದರು ಆಚಾರ್ಯರು. ಮದ್ದಿಕೇರಿ ಎಂದರೆ ಮದ್ದಿಕೇರ. ಅಜ್ಜನ ಹಿರಿಯರು ಆ ಊರಿನಿಂದ ಆಸ್ಪರಿಗೆ ಬಂದಿದ್ದರಂತೆ. ಆದ್ದರಿಂದ ಮೈಸೂರಿನ ಆದವಾನಿಯವರು ಆದವಾನಿಯಲ್ಲಿ ಆಸ್ಪರಿಯವರಾಗಿ, ಆಸ್ಪರಿಯಲ್ಲಿ ಮದ್ದಿಕೇರಿಯವರಾದರು.

ಆಚಾರ್ಯರು ಅಟ್ಟದಿಂದ ಹಳೆಯ ಪಂಚಾಂಗಗಳ ಗಂಟು ಇಳಿಸಿದರು. ಅವರ ತಂದೆ ಪ್ರತಿ ಪಂಚಾಂಗದ ಕೊನೆಯ ಹಾಳೆಯಲ್ಲಿ ಶಿಷ್ಯರ ಮನೆಗಳ ತಿಥಿ ಬರೆದಿಡುತ್ತಿದ್ದರು, ತೆಲುಗಿನಲ್ಲಿ. ಧೂಳಿಗೆ ನಾವು ಮೂವರೂ ಸೀನಿ ಸೀನಿ, ಮಧ್ಯಾಹ್ನದ ಹೊತ್ತಿಗೆ ಅಜ್ಜನ ಹೆಸರು ಸಿಕ್ಕಿತು. ಮುಂದೆಯೇ ಇತ್ತು: ಧರ್ಮಪತ್ನಿ ಸೀತಮ್ಮ.

ನಮ್ಮವರು ದನಿಯಿಲ್ಲದೆ ಏನೋ ಹೇಳಿ ಆಚಾರ್ಯರ ಎರಡೂ ಕೈ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು. ಸೀತಮ್ಮ ಎಂದರೆ ಎಷ್ಟು ಚೆನ್ನಾಗಿ ಒಪ್ಪುತ್ತದೆ, ಹೂಬತ್ತಿ ಹೊಸೆಯುವ ಅಜ್ಜಿಗೆ ಇನ್ನೇನು ಹೆಸರಿರಬೇಕು ಎಂದುಕೊಂಡೆ. ಆಚಾರ್ಯರ ಮನೆಯಲ್ಲೇ ಊಟ, ಪಾಯಸವೂ ಆಯಿತು.

ಆದರೆ ಅಂಚೆಯವರು ಮುದ್ರೆಯ ತಾರೀಖು ನೋಡದೆ ಕಾಗದ ಕೆಳಗಿಡುವವರಲ್ಲ. ಊಟವಾದ ಮೇಲೆ ಆ ಹಾಳೆಯನ್ನು ಮತ್ತೆ ಓದಿಸಿ ಎಂದು ಸನ್ನೆ ಮಾಡಿದರು. ಸೀತಮ್ಮ ತೀರಿಕೊಂಡದ್ದು ವಿಕಾರಿ ಸಂವತ್ಸರ ಎಂದಿತ್ತು. ನಮ್ಮವರು ಬೆರಳು ಮಡಿಸಿ ಎಣಿಸಿದರು, ಮುಖ ಸಣ್ಣದಾಯಿತು. ನಮ್ಮ ಮಾವನವರು ಹುಟ್ಟಿದ್ದು ಕ್ರೋಧಿ ಸಂವತ್ಸರದಲ್ಲಿ, ಐದು ವರ್ಷದ ನಂತರ. ಸತ್ತು ಐದು ವರ್ಷವಾದ ಮೇಲೆ ಯಾರೂ ಹೆರುವುದಿಲ್ಲ.

ಅಂದರೆ ಸೀತಮ್ಮ ಅಜ್ಜನ ಮೊದಲ ಹೆಂಡತಿ. ಚಿಕ್ಕ ವಯಸ್ಸಿನಲ್ಲೇ ಹೋದ ಆ ಹುಡುಗಿಯ ಸುದ್ದಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯವರ ಹೆಸರು ಆ ಗಂಟಿನಲ್ಲಿ ಎಲ್ಲೂ ಇರಲಿಲ್ಲ. ಎರಡನೆಯ ಮದುವೆಯ ಹೊತ್ತಿಗೆ ಅಜ್ಜ ಆಸ್ಪರಿ ಬಿಟ್ಟು ಹೋಗಿದ್ದರು. "ಎರಡನೇ ಲಗ್ನದ ಸುದ್ದಿ ಮೂಲ ಊರಿಗೆ ಹೋಗಿರತೈತಿ, ಮದ್ದಿಕೇರ್ಯಾಗ ಕೇಳಿ ನೋಡ್ರಿ" ಎಂದರು ಆಚಾರ್ಯರು. ನಮ್ಮವರು ತಮ್ಮ ಹಾಳೆ ತೆಗೆದು, ಹೊಸದೊಂದು ಸಾಲು ಮಾಡಿ, ಸೀತಮ್ಮ ಎಂದು ಬರೆದುಕೊಂಡರು. ಒಬ್ಬರ ವಿಳಾಸ ಹುಡುಕಲು ಬಂದು ಇನ್ನೊಬ್ಬರದು ಸಿಕ್ಕಿತ್ತು.

ಮದ್ದಿಕೇರ

ಮರುದಿನ ಪತ್ತಿಕೊಂಡದಲ್ಲಿ ಬಸ್ಸು ಬದಲಿಸಿ ಮದ್ದಿಕೇರಕ್ಕೆ ಹೋದೆವು. ಶುಂಠಿ ಕಷಾಯಕ್ಕೆ ನಮ್ಮವರ ದನಿ ಅರ್ಧ ವಾಪಸ್ಸು ಬಂದಿತ್ತು, ಎರಡು ಶಬ್ದಕ್ಕೊಂದು ಶಬ್ದ ಕೇಳಿಸುತ್ತಿತ್ತು. ಬಸ್ಸಿಳಿದ ಕಡೆ ಒಬ್ಬ ರೈತ ಬೀಡಿ ಹಚ್ಚುತ್ತ ನಿಂತಿದ್ದ. ಆಸ್ಪರಿಗೆ ಹೋಗಿ ನೆಲೆಸಿದ ಬ್ರಾಹ್ಮಣರ ಮನೆ ಎಲ್ಲಿತ್ತು ಎಂದು ಕೇಳಿದೆವು.

"ಆದವಾನ್ಯವ್ರ ಮನಿ ಏನ್ರಿ?" ಎಂದ ಆತ.

ನಮ್ಮವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಕೊನೆಗೂ ನಮ್ಮನ್ನು ನಮ್ಮ ಹೆಸರಿನಿಂದ ಕರೆಯುವ ಊರು ಸಿಕ್ಕಿತಲ್ಲ ಎಂದು ನನಗೂ ಹಿಗ್ಗಾಯಿತು. ಹತ್ತು ಹೆಜ್ಜೆ ನಡೆದ ಮೇಲೆ ಇಬ್ಬರಿಗೂ ಒಟ್ಟಿಗೆ ಹೊಳೆದು ನಿಂತೆವು. ಬಿಟ್ಟು ಬಂದ ಊರೇ ಹೆಸರು ಎಂದಮೇಲೆ, ಮದ್ದಿಕೇರಕ್ಕೆ ಇವರ ಹಿರಿಯರು ಬಂದದ್ದೇ ಆದವಾನಿಯಿಂದ. ಹಗ್ಗದ ತುದಿ ಹಿಡಿದು ಬಂದು ಬಂದು ಅದೇ ಗೂಟಕ್ಕೆ ಬಂದು ನಿಂತಿದ್ದೆವು.

ಮನೆ ಇ‌ದ್ದ ಕಡೆ ಈಗ ಕಲ್ಲಿನ ಬಾಗಿಲುವಾಡ ಮಾತ್ರ ಇತ್ತು. ಅದರಾಚೆ ಶೇಂಗಾ ರಾಶಿ, ಸುತ್ತ ಕೂತು ಬಿತ್ತನೆಗೆ ಕಾಯಿ ಸುಲಿಯುವ ಆರೇಳು ಹೆಂಗಸರು. ನಮ್ಮವರು ಬಾಗಿಲುವಾಡದ ಮೇಲೆ ಏನಾದರೂ ಬರೆದಿದೆಯೇ ಎಂದು ಕನ್ನಡಕ ಒರೆಸಿಕೊಂಡು ಹುಡುಕತೊಡಗಿದರು. ನನಗೆ ಕಾಲು ಸೋತಿತ್ತು, ಹೆಂಗಸರ ಮಧ್ಯೆ ಕೂತು ನಾನೂ ಸುಲಿಯತೊಡಗಿದೆ. ನಾವು ಮೈಸೂರಿನಲ್ಲಿ ಬೆರಳಿನಿಂದ ಒತ್ತಿ ಸುಲಿಯುತ್ತೇವೆ; ಇವರು ಕಾಯನ್ನು ನೆಲಕ್ಕೆ ಒಮ್ಮೆ ಕುಕ್ಕಿದರೆ ಬಾಯಿ ಬಿಡುತ್ತದೆ, ಬೀಜಕ್ಕೆ ಗೀರಿಲ್ಲ. ನಾನು ಒಂದು ಹಿಡಿ ಮಾಡುವುದರಲ್ಲಿ ಅವರದು ಒಂದು ಮೊರ.

ನನ್ನ ಪಕ್ಕದಲ್ಲಿದ್ದಾಕೆ ತಿಪ್ಪಮ್ಮ, ನನ್ನ ವಯಸ್ಸಿನವಳೇ. ಯಾಕೆ ಬಂದಿರಿ ಎಂದು ಕೇಳಿದಳು. ನಾನು ಎಲ್ಲ ಹೇಳಿದೆ. ಯಾರ್ಯಾರನ್ನು ಕೇಳಿದಿರಿ ಎಂದಳು. ದಾಯಾದಿಗಳನ್ನು, ಅವರ ಹೆಂಡತಿಯನ್ನು, ಪುರೋಹಿತರನ್ನು ಎಂದೆ. ಅವಳು ಕಾಯಿ ಕುಕ್ಕುವುದನ್ನು ನಿಲ್ಲಿಸಿ ಉಳಿದವರ ಕಡೆ ನೋಡಿದಳು. ಎಲ್ಲರೂ ನಕ್ಕರು.

"ಹೆಸರು ಹಿಡಿಲಾರದವ್ರನ್ನ ಹುಡುಕಿ ಹುಡುಕಿ ಹೆಸರು ಕೇಳೀರಲ್ಲವ್ವ" ಎಂದಳು. "ನನ್ನ ಗಂಡನ ಮನ್ಯಾಗ ನನ್ನ ಹೆಸರು ಯಾರಿಗೆ ಗೊತ್ತೈತಿ? ಏ ಅಂತಾನ ಅಂವ. ಅವ್ವ ಅಂತಾವ ಮಕ್ಕಳು. ಕರೆಯೋರು ಎದುರು ಮನಿ ಖಾಸಿಂಬಿ, ತಿಪ್ಪಿ ಅಂತ. ನಾ ಸತ್ತ ಮ್ಯಾಲ ನನ್ನ ಹೆಸರು ಬೇಕಾದ್ರ ಆಕಿನ್ನ ಕೇಳಬೇಕು. ನೀವೂ ಎದುರು ಮನ್ಯಾಗ ಕೇಳಬೇಕಾಗಿತ್ತು."

ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಎದುರು ಮನೆ ಎಂದ ಕೂಡಲೇ ನನ್ನ ಕಿವಿಯಲ್ಲಿ ಕುಟ್ಟಾಣಿಯ ಸದ್ದು ಶುರುವಾಯಿತು. ಎದ್ದು ಹೋಗಿ, ಬಾಗಿಲುವಾಡದಲ್ಲಿ ಉಳಿಯ ಗೆರೆಯನ್ನು ಅಕ್ಷರವೆಂದು ಓದುತ್ತಿದ್ದ ನಮ್ಮವರ ತೋಳು ಹಿಡಿದೆ.

ಮತ್ತೆ ಆದವಾನಿ

ಮರುದಿನ ಬೆಳಿಗ್ಗೆ ಎದುರು ಮನೆಯ ಕಟ್ಟೆಯ ಮೇಲೆ ಗೌರಮ್ಮನವರು ಅದೇ ಕುಟ್ಟಾಣಿಯೊಡನೆ ಕೂತಿದ್ದರು. ಸಾವ್ಕಾರರ ತಾಯಿ, ಎಂಬತ್ತು ದಾಟಿದವರು. ಕಣ್ಣು ಮಂಜು. ನಮ್ಮವರು ಈ ಸಲ ಮೈಸೂರು ಎನ್ನಲಿಲ್ಲ. ಹತ್ತಿರ ಹೋಗಿ, ನಾನು ಆಸ್ಪರಿಯವರ ಮನೆ ದೊಡ್ಡವ್ವನ ಮೊಮ್ಮಗ ಎಂದರು.

ಮುದುಕಿ ಕೈ ಚಾಚಿ ಅವರ ತಲೆ ತಡವಿದರು. ಅಲ್ಲಿ ಕೂದಲಿರಲಿಲ್ಲ. ಕಿವಿ ಸಿಕ್ಕಿತು, ಹಿಡಿದು ಬಗ್ಗಿಸಿದರು.

"ಕೂಸಪ್ಪ ಅಲ್ಲೇನೊ ನೀ?"

ಐವತ್ತೈದು ವರ್ಷದ, ಕನ್ನಡಕ ಹಾಕಿದ, ಮೊಣಕಾಲು ಕಾಣುವ ಪಂಚೆಯುಟ್ಟ ನಮ್ಮವರು, "ಹೂಂ" ಎಂದರು. ಗಂಡನ ಹೆಸರು ಹಿಡಿಯಲಾಗದ ಅಜ್ಜಿ ಮೊಮ್ಮಗನನ್ನು ಏನೆಂದು ಕರೆಯುತ್ತಿದ್ದರು ಎನ್ನುವುದು ನನಗೆ ಆಗ ತಿಳಿಯಿತು. ನಮ್ಮವರು ಇದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ.

"ನಮ್ಮ ಹತ್ತಿ ತುಂಬೋ ಅಂಕಣದಾಗ ಹೊಕ್ಕು ಮಲಗಿ ಓಣಿ ಮಂದಿನ್ನೆಲ್ಲಾ ಹುಡುಕಿಸಿದ್ದಿ. ಬಾವಿಗೆ ಆಳು ಇಳಿಸಿದ್ರು. ನಿಮ್ಮಜ್ಜಿ ಎದಿ ಒಡಕೊಂಡು ಅಳತಿದ್ಲು. ನೀ ಆಕಳಿಸ್ಕೊಂತ ಹೊರಗ ಬಂದಿ. ಮನ್ನೆ ಮುಖ ತೋರಸದಂಗ ಒಳಗ ಹ್ವಾದ್ಯಲ್ಲ?"

ನಮ್ಮವರು ತಪ್ಪಾಯಿತು ಎಂದರು. ಆಮೇಲೆ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅಜ್ಜಿಯ ಹೆಸರು ಗೊತ್ತೇ ಎಂದು ಕೇಳಿದರು.

ಗೌರಮ್ಮನವರು ಕುಟ್ಟಾಣಿ ಕೆಳಗಿಟ್ಟರು. "ನಾವೂ ಆಕಿನ್ನ ಅಕ್ಕ ಅಂತಿದ್ವಿ. ಹೆಸರು ನಾ ಕೇಳಿದ್ದು ಒಂದಾ ಸಲ. ನಿಮ್ಮಪ್ಪನ ಲಗ್ನ ಆಗಿ ಸೊಸಿನ್ನ ಮನಿ ತುಂಬಿಸ್ಕೊಂಬೋ ದಿನ. ನಾವು ಓಣಿ ಹೆಣ್ಮಕ್ಕಳೆಲ್ಲಾ ಬಾಗಿಲ ಹಿಡದು ನಿಂತ್ವಿ, ಒಡಪು ಹಾಕಿ ಹೇಂತಿ ಹೆಸರು ಹೇಳಿದ್ರಾ ಒಳಗ ಬಿಡತೀವಿ ಅಂತ. ಹುಡುಗ ಹೇಳಿದ. ಆಮ್ಯಾಲೆ ಹುಡುಗನ ಅಪ್ಪಗೂ ಬಿಡಲಿಲ್ಲ ನಾವು."

ಒಡಪೆಂದರೆ ಪ್ರಾಸ ಕಟ್ಟಿ, ಅದರಲ್ಲಿ ಗಂಡನ ಅಥವಾ ಹೆಂಡತಿಯ ಹೆಸರನ್ನು ಅಡಗಿಸಿ ಹೇಳುವುದು. ವರ್ಷವೆಲ್ಲ ಬಾಯಿಗೆ ಬರದ ಹೆಸರು ಮದುವೆ ಮನೆಯ ಬಾಗಿಲಲ್ಲಿ ಒಮ್ಮೆ ಹೊರಗೆ ಬರುತ್ತದೆ.

"ನಿಮ್ಮಜ್ಜ ಮುಂಗೋಪಿ. ಬಿಸಲಾಗ ಅರ್ಧ ತಾಸು ನಿಂತ. ನಾವೂ ಬಿಡಲಿಲ್ಲ. ಆಮ್ಯಾಲೆ ಸಿಟ್ಟಿಲೆ ಹೇಳಿದ" ಎಂದು ಮುದುಕಿ ನೆಟ್ಟಗೆ ಕೂತು, ಗಂಡಸಿನ ದನಿ ಮಾಡಿ ಹೇಳಿದರು:

"ಆದವಾನಿ ಕ್ವಾಟಿ ಹತ್ತಿದ್ರ ಬರತೈತಿ ಏದುಸಿರು,
ಬಾಗಿಲ ಬಿಡ್ರೆವ್ವ, ಗೋದಾವರಿ ನನ್ನಾಕಿ ಹೆಸರು."

"ಒಳಗ ಅಡಿಗಿ ಮನ್ಯಾಗಿಂದ ಆಕಿ ಕೇಳಿದ್ಲು. ಮೂವತ್ತು ದಿನ ನಮ್ಮ ಜೋಡಿ ಮಾತ ಬಿಟ್ಲು, ನಾಚಿಕಿಗೆ. ಆದ್ರ ಆವತ್ತು ಹೋಳಿಗಿಗೆ ಬೆಲ್ಲ ಎರಡು ಪಾಲು ಬಿದ್ದಿತ್ತು."

ನಮ್ಮವರು ಹಾಳೆ ತೆಗೆದರು. ಖಾಲಿ ಜಾಗದಲ್ಲಿ ಬರೆದರು. ಅಂಚೆಯವರ ಆ ಅಕ್ಷರ ಮೊದಲನೆಯ ಸಲ ಅಂಕುಡೊಂಕಾಗಿ ಬಂತು. ಬರೆದು, ಬಾಯಿ ಬಿಟ್ಟು ಒಂದು ಸಲ ಓದಿದರು. ಅದು ಮೊಮ್ಮಗ ಅಜ್ಜಿಯ ಹೆಸರು ಹೇಳಿದ ಮೊದಲ ಸಲ. ಗೌರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಕುಟ್ಟಾಣಿ ಎತ್ತಿಕೊಂಡರು.

ಹೊರಡಲು ಎದ್ದಾಗ ಆ ಮುದುಕಿ ನನ್ನ ಸೆರಗು ಹಿಡಿದರು. "ಹೆಸರು ಪುಕ್ಕಟ ಕೊಡಂಗಿಲ್ಲವ್ವ. ಇವನ ಹೆಸರು ಹೇಳಿ ಹೋಗು, ಒಡಪು ಹಾಕಿ." ಎದುರು ಬಾಗಿಲಲ್ಲಿ ಇಂದಿರಾಬಾಯಿ ಬಂದು ನಿಂತರು. ಓಣಿಯ ನಾಲ್ಕು ಹೆಂಗಸರು ಸೇರಿದರು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಕಲ್ಲುಸಕ್ಕರೆ, ಗುಂತಕಲ್ಲು, ಬಜ್ಜಿ ಎಂದೇನೋ ಸೇರಿಸಿ ಎರಡು ಸಾಲು ಕಟ್ಟಿ ಹೇಳಿದೆ. ಹೆಂಗಸರು ಬಿದ್ದುಬಿದ್ದು ನಕ್ಕರು. ನಮ್ಮವರು ಕೋಟೆಯ ಬೆಟ್ಟವನ್ನು ಮೊದಲ ಸಲ ನೋಡುವವರ ಹಾಗೆ ಆ ಕಡೆಯೇ ನೋಡುತ್ತ ನಿಂತಿದ್ದರು. ಕಿವಿ ಕೆಂಪಗಾಗಿತ್ತು. ಗೌರಮ್ಮನವರು ಹಿಡಿದಿದ್ದ ಕಿವಿ ಬೇರೆ, ಇದು ಇನ್ನೊಂದು.

ವಾಪಸ್ಸು

ಸ್ಟೇಷನ್ನಿನಲ್ಲಿ ನಮ್ಮ ಹೋಲ್ಡಾಲ್ ನಮಗಿಂತ ಮೊದಲೇ ಬಂದು ಕೂತಿತ್ತು. ರಾಯಚೂರಿನಲ್ಲಿ ಯಾರೋ ಪುಣ್ಯಾತ್ಮರು ಜೇಬಿನಲ್ಲಿದ್ದ ವಿಳಾಸ ನೋಡಿ ತಿರುಗಿ ಕಳಿಸಿದ್ದರು. ವಿಳಾಸವಿದ್ದರೆ ವಸ್ತು ತಲುಪುತ್ತದೆ ಎಂದು ನಮ್ಮವರು ಗುಂತಕಲ್ಲಿನವರೆಗೆ ಹೇಳಿದರು. ಬಜ್ಜಿಯ ಕಡೆ ನೋಡಲಿಲ್ಲ.

ಅದರಲ್ಲಿ ನನ್ನ ದಿನಚರಿಯ ಪುಸ್ತಕವೂ ಇತ್ತು. ಬಿಟ್ಟುಹೋದ ನಾಲ್ಕು ದಿನ ಬರೆಯೋಣವೆಂದು ಕಿಟಕಿಯ ಪಕ್ಕ ಬಿಚ್ಚಿಕೊಂಡೆ. ಹಿಂದಿನ ಪುಟಗಳನ್ನು ಸುಮ್ಮನೆ ತಿರುವಿದೆ. ನಮ್ಮವರಿಗೆ ಕೆಮ್ಮು. ನಮ್ಮವರು ಬದನೆಕಾಯಿ ತಂದರು, ಮುಳ್ಳಿತ್ತು. ನಮ್ಮವರು ಹಲ್ಲು ಕೀಳಿಸಿಕೊಂಡರು. ಮದುವೆಯಾದಾಗಿನಿಂದ ಬರೆಯುತ್ತಿದ್ದೇನೆ, ಟ್ರಂಕಿನ ತುಂಬ ಪುಸ್ತಕಗಳಿವೆ. ಯಾವುದರಲ್ಲೂ ಅವರ ಹೆಸರಿಲ್ಲ. ನನ್ನದಂತೂ ಇಲ್ಲವೇ ಇಲ್ಲ, ತನ್ನ ಪುಸ್ತಕದಲ್ಲಿ ತನ್ನ ಹೆಸರು ಯಾರು ಬರೆದುಕೊಳ್ಳುತ್ತಾರೆ? ಮುಂದೆ ಯಾವನೋ ಮೊಮ್ಮಗ ಇದನ್ನು ಓದಿದರೆ, ನಮ್ಮವರು ಎನ್ನುವವರಿಗೆ ಯಾವತ್ತು ಕೆಮ್ಮಿತ್ತು ಎನ್ನುವುದೆಲ್ಲ ತಿಳಿಯುತ್ತದೆ; ಅವರು ಯಾರು ಎನ್ನುವುದಕ್ಕೆ ಎದುರು ಮನೆಗೆ ಹೋಗಬೇಕು. ನಮ್ಮ ಎದುರು ಮನೆಯಲ್ಲಿ ಬಾಡಿಗೆಯವರು, ವರ್ಷಕ್ಕೊಬ್ಬರು ಬದಲಾಗುತ್ತಾರೆ.

ಅಷ್ಟರಲ್ಲಿ ನಮ್ಮವರೂ ಅದೇ ಯೋಚನೆಯಲ್ಲಿದ್ದರೆಂದು ಕಾಣುತ್ತದೆ. "ನಿನಗೆ ನಮ್ಮ ಮನೆಗೆ ಬರೋಕೆ ಮುಂಚೆ ಬೇರೆ ಹೆಸರಿತ್ತಲ್ಲ, ಏನದು?" ಎಂದರು.

ಮದುವೆಯ ದಿನ ಅಕ್ಕಿ ತಟ್ಟೆಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದವರು ಅವರೇ. ಹಳೆಯದು ಏನೆಂದು ಕೇಳಲು ಮೂವತ್ತು ವರ್ಷ ಬೇಕಾಯಿತು. ನಾನು ಹೇಳಿದೆ. ಅವರು ಒಂದು ಸಲ ಮೆಲ್ಲಗೆ ಹೇಳಿ ನೋಡಿಕೊಂಡರು, ಚೆನ್ನಾಗಿದೆ ಎಂದರು.

ಆಮೇಲೆ ನಾನು ಪೆನ್ನು ತೆಗೆದು, ಪುಸ್ತಕದ ಮೊದಲ ಪುಟಕ್ಕೆ ತಿರುಗಿಸಿ, ಬಾಯಲ್ಲಿ ಹೇಳಿದ ಮೇಲೆ ಬರೆಯಲು ಏನು ಸಂಕೋಚ ಎಂದುಕೊಂಡು ಬರೆದೆ: "ಮೈಸೂರಿನ ಆದವಾನಿ ಹನುಮಂತರಾಯರ ಹೆಂಡತಿ, ಗೋದಾವರಿಯವರ ಮೊಮ್ಮಗನ ಕೈಹಿಡಿದ ಸೊಬಗಿನ ರುಕ್ಮಿಣಿ, ತವರಿನಲ್ಲಿ ಚಂದ್ರಮತಿ, ಬರೆದ ದಿನಚರಿ ಇದು."

ನಮ್ಮವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಸೊಬಗಿನ ಎನ್ನುವುದನ್ನು ಯಾರು ಸೇರಿಸಲು ಹೇಳಿದರು ಎಂದು ಕೇಳಲಿಲ್ಲ. ಪುಸ್ತಕ ನನ್ನ ಮಡಿಲಿಗೆ ಹಾಕಿ ಕನ್ನಡಕ ಒರೆಸಿಕೊಂಡರು. ಪೆನ್ನಿಗೆ ಕೈ ಚಾಚುತ್ತ ಹೇಳಿದರು:

"ಎಲ್ಲ ಸರಿ ಇದೆ. ಪಿನ್‌ಕೋಡ್ ಬರೆದಿಲ್ಲ."